ಮೋಡದ ಮನೆಗೆ ಬಚ್ಚಲಿಲ್ಲ

ಹೋದ ಮಳೆಗಾಲದಲ್ಲಿ ದಾರಿತಪ್ಪಿದ ಮೋಡವೊಂದು ಏಳುತ್ತಿದ್ದ ಕಟ್ಟಡಕ್ಕೆ ಅಡ್ಡಲಾಗಿ ನಿಂತುಬಿಟ್ಟಿತ್ತು. ಅಲ್ಲಿ ಕ್ರೇನ್ ನಡೆಸುವ ಕ್ರೇನಕ್ಕ ಅದನ್ನು ಕೊಕ್ಕೆಗೆ ಸಿಕ್ಕಿಸಿ, ಮೆಲ್ಲಗೆ ಎತ್ತಿ, ಪಕ್ಕದ ಬಡಾವಣೆಯ ಮೇಲೆ ಇಳಿಸಿ ಬಂದರು. ಅಲ್ಲಿಯವರು ಒಣಹಾಕಿದ ಬಟ್ಟೆ ತೆಗೆಯಲು ಎದ್ದುಬಿದ್ದು ಓಡಿದ್ದಕ್ಕೆ ಸಾಕ್ಷಿ ಇದೆ. ಹಕ್ಕಿಗಳು ಈಕೆಯ ಕ್ಯಾಬಿನ್ನಿನ ಮುಂದೆ ಹಾರುವಾಗ ರೆಕ್ಕೆ ತಗ್ಗಿಸಿ ನಮಸ್ಕಾರ ಹೇಳುತ್ತವೆ ಎಂಬುದೂ ಅಷ್ಟೇ ನಿಜ.

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಸಿಮೆಂಟಿನ ಧೂಳು ಇಬ್ಬನಿಗೆ ಅಂಟಿ ನೆಲದಲ್ಲಿ ಮಲಗಿದೆ. ಕ್ರೇನಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಬುತ್ತಿಚೀಲವನ್ನು ಬೆನ್ನಿಗೆ ಹಾಕಿಕೊಂಡು ಕಬ್ಬಿಣದ ಏಣಿ ಹತ್ತುತ್ತಿದ್ದಾರೆ. ಏಣಿಯೋ, ಮುಗಿಯುವ ಮಾತೇ ಆಡುವುದಿಲ್ಲ. ಹರೆಯದವರು ಅರ್ಧದಲ್ಲಿ ನಿಂತು ಏದುಸಿರು ಬಿಡುವ ಜಾಗದಲ್ಲಿ ಐವತ್ತು ದಾಟಿದ ಈಕೆ ನಿಲ್ಲುವುದು ಕೆಳಗಿನವರನ್ನು ಬೈಯಲಿಕ್ಕೆ ಮಾತ್ರ. ಕೆಳಗೆ ಕೊರಳಲ್ಲಿ ಸೀಟಿ, ಕೈಯಲ್ಲಿ ವಾಕಿಟಾಕಿ ಹಿಡಿದು ನಿಂತವರು ಸೀಟಿಯಣ್ಣ. ಭಾರ ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಸನ್ನೆ ಮಾಡುವವರು ಅವರೇ. ಅವರು ಈಕೆಯನ್ನು ಅಕ್ಕ ಎನ್ನುತ್ತಾರೆ, ಈಕೆ ಅವರನ್ನು ಅಣ್ಣ ಎನ್ನುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರೆಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಮರಳು ಹೊರುವ ಕೆಲಸಕ್ಕೆಂದು ಬಂದವರು ಕ್ರೇನಕ್ಕ. ತಲೆಯ ಮೇಲೆ ಬಾಂಡ್ಲಿ ಇದ್ದಾಗಲೂ ಕಣ್ಣು ಮೇಲಿನ ಕ್ಯಾಬಿನ್ನಿನ ಮೇಲೆಯೇ. ಆಗಿನ ಆಪರೇಟರ್‌ನ ಬೆನ್ನುಬಿದ್ದು, ಊಟದ ಬಿಡುವಿನಲ್ಲಿ ಹತ್ತಿ ಕುಳಿತು, ಬೈಸಿಕೊಂಡು ಕಲಿತರು. ಪರೀಕ್ಷೆಯಲ್ಲಿ ಗಂಡಸರು ನೀರು ತುಂಬಿದ ಡ್ರಮ್ಮನ್ನು ತುಳುಕಿಸುತ್ತ ಇಳಿಸಿದರೆ, ಈಕೆ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಇಳಿಸಿದರು. ಅಂದಿನಿಂದ ಈ ಊರಲ್ಲಿ ಎದ್ದು ನಿಂತ ಎತ್ತರದ ಕಟ್ಟಡಗಳಲ್ಲಿ ಮುಕ್ಕಾಲುಪಾಲು ಈಕೆಯ ಬೆರಳಿನಿಂದ ಎದ್ದವು. ಉಳಿದ ಕಾಲುಪಾಲು ನಾಚಿಕೆಯಿಂದ ಸ್ವಲ್ಪ ವಾಲಿಕೊಂಡಿವೆ.

ಇನ್ನು ಸಿಟ್ಟಿನ ಮಾತು. ಈಗ ಏಳುತ್ತಿರುವ ಕಟ್ಟಡದಲ್ಲಿ ಪ್ರತಿ ಮನೆಗೂ ಮೂರು ಬಚ್ಚಲು. ಮಲಗುವ ಕೋಣೆಗೊಂದು, ಅತಿಥಿಗೊಂದು, ಮತ್ತೊಂದು ಯಾರಿಗೆಂದು ಕಟ್ಟಿಸಿದವರಿಗೂ ಗೊತ್ತಿಲ್ಲ. ಆ ಬಿಳಿ ಕಮೋಡುಗಳನ್ನೆಲ್ಲ ಹುಲ್ಲು ಸುತ್ತಿ ಕಟ್ಟಿದ ಪೆಟ್ಟಿಗೆಗಳಲ್ಲಿ ಮೇಲಕ್ಕೆ ಎತ್ತಿದ್ದು ಕ್ರೇನಕ್ಕ. ಒಂದಕ್ಕೂ ಕೂದಲೆಳೆಯಷ್ಟು ಬಿರುಕು ಬಿದ್ದಿಲ್ಲ. ಎತ್ತಿದವರಿಗೆ ಮಾತ್ರ ಒಂದೂ ಇಲ್ಲ. ಗಂಡು ಆಪರೇಟರುಗಳು ಒಂದು ಖಾಲಿ ಬಾಟಲಿ ಒಯ್ಯುತ್ತಾರೆ. ಕಂಪನಿಗಳು ಅದನ್ನೇ ವ್ಯವಸ್ಥೆ ಎಂದು ಕರೆದು ಕೈತೊಳೆದುಕೊಂಡಿವೆ. ಹೆಂಗಸರು ಬಳಸಬಹುದಾದ ಒಂದೇ ಒಂದು ಶೌಚಾಲಯ ಸೈಟಿನ ಆಚೆ ತುದಿಯಲ್ಲಿ, ಮನೆ ನೋಡಲು ಬರುವ ಗಿರಾಕಿಗಳಿಗೆ. ಅದರ ಬೀಗದಕೈ ಮ್ಯಾನೇಜರ್ ಸಾಹೇಬರ ಜೇಬಿನಲ್ಲಿ.

ಹರೆಯದಲ್ಲಿ ಹೇಗೋ ನಡೆಯಿತು. ಬೆಳಗ್ಗೆ ಹತ್ತಿದವರು ಊಟಕ್ಕೆ ಇಳಿಯುವವರೆಗೂ ತಡೆದುಕೊಳ್ಳುತ್ತಿದ್ದರು. ಮುಟ್ಟು ನಿಂತ ಮೇಲೆ ಮೈ ಆ ಕರಾರನ್ನು ಹರಿದು ಬಿಸಾಕಿತು.

"ಮೊದಲೆಲ್ಲ 'ಹೋಗೋಣ್ವಾ' ಅಂತ ಕೇಳ್ತಿತ್ತು. ಈಗ ಕೇಳೋದೇ ಇಲ್ಲ, ಕತ್ತು ಹಿಡಿದು ತಳ್ಳುತ್ತೆ. ಓಡಿ ಹೋಗಿ ಕೂತ್ರೆ ನಾಲ್ಕು ಹನಿ, ಅದರ ಜೊತೆ ಉರಿ. ವಾಪಸ್ ಬಂದು ಕೂತ ತಕ್ಷಣ ಮತ್ತೆ ಶುರು," ಎನ್ನುತ್ತಾರೆ ಕ್ರೇನಕ್ಕ.

ಆಗ ಅವರು ಮಾಡಿದ್ದು ಈ ಕಸುಬಿನವರೆಲ್ಲ ಮಾಡುವ ತಪ್ಪು. ನೀರು ಕುಡಿಯುವುದನ್ನೇ ಬಿಟ್ಟರು. ಎದ್ದಾಗ ಒಂದು ಗುಟುಕಿಲ್ಲ, ಮೇಲೆ ಉರಿಬಿಸಿಲಿಗೆ ಗಾಜಿನ ಗೂಡು ಕಾದರೂ ಒಂದು ಗುಟುಕಿಲ್ಲ. ನಾಲಿಗೆ ಹಗ್ಗವಾಯಿತು. ತಲೆ ಸುತ್ತದಿರಲೆಂದು ಏಣಿ ಹತ್ತುವ ಮುಂಚೆ ಎರಡು ಲೋಟ ಗಟ್ಟಿ ಚಹಾ. ಬೆಂಕಿಯನ್ನು ಸೀಮೆಎಣ್ಣೆ ಹಾಕಿ ಆರಿಸುವ ಉಪಾಯ ಅದು. ಅವಸರ ಕಡಿಮೆಯಾಗುವ ಬದಲು ಉರಿ ಇಮ್ಮಡಿಯಾಯಿತು.

ಮನೆಯಲ್ಲಿ ಗಂಡ ಪ್ಲಂಬರ್. ಊರಿನ ಸೋರುವ ನಲ್ಲಿಗಳೆಲ್ಲ ಆತನ ಹೆಸರು ಕೇಳಿದರೆ ತಾವಾಗಿಯೇ ನಿಲ್ಲುತ್ತವೆ. ಹೆಂಡತಿಯ ವಿಷಯ ಬಂದಾಗ ಮಾತ್ರ ಆತನ ಬಾಯಿಗೇ ವಾಷರ್ ಬಿದ್ದಿತ್ತು. ಅತ್ತೆ ಅದಕ್ಕಿಂತ ಮೇಲು. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ, ಹೆಂಗಸಾಗಿ ಹುಟ್ಟಿದ ಮೇಲೆ ಸಹಿಸಿಕೋಬೇಕು, ಬೀದಿಗೆ ಹಾಕಬಾರದು ಎಂದು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಿದ್ದರು. ಸೊಸೆ ಒಂದು ಸಂಜೆ ರೋಸಿಹೋಗಿ, ನೀವು ಹೇಗೆ ಸಹಿಸಿಕೊಂಡಿರಿ ಹೇಳಿ, ನಾನೂ ಕಲಿಯುತ್ತೇನೆ ಎಂದು ಎದುರಿಗೆ ಕುಳಿತುಬಿಟ್ಟರು. ಮುದುಕಿ ಸೊಪ್ಪು ಸೋಸುವುದನ್ನು ನಿಲ್ಲಿಸಿದರು.

"ಹೇಗೆ ಅಂದ್ರೆ, ಮನೆ ಬಿಟ್ಟು ಹೊರಗೇ ಹೋಗ್ಲಿಲ್ಲ ಕಣೆ. ನನ್ನ ತಂಗಿ ಮಗಳ ಮದುವೆಗೆ ಯಾಕೆ ಹೋಗ್ಲಿಲ್ಲ ಅನ್ಕೊಂಡೆ? ಮಂಡಿ ನೋವು ಅಂದೆ. ನನ್ನ ಮಂಡಿಗೆ ಏನಾಗಿತ್ತು, ಮಣ್ಣು? ಬಸ್ಸಲ್ಲಿ ಕೂತಲ್ಲೇ ಆಗಿಬಿಟ್ರೆ ಅಂತ ಹೆದರಿಕೆ. ತಂಗಿ ಇವತ್ತಿಗೂ ನನ್ನ ಹತ್ರ ಮಾತಾಡಲ್ಲ."

ಒಂದು ಹೆಣ್ಣುಜೀವ ಮಂಡಿಯ ನೆಪ ಹೇಳಿ ಬಂಧುಬಳಗವನ್ನೇ ಕಳೆದುಕೊಂಡಿತ್ತು, ಮನೆಯೊಳಗೆ ಒಬ್ಬರಿಗೂ ಗೊತ್ತಾಗಿರಲಿಲ್ಲ. ಇಂಥ ಮಂಡಿ ನೋವು ಎಷ್ಟು ಮನೆಗಳಲ್ಲಿದೆಯೋ. ಮಾರನೆಯ ದಿನವೇ ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲಿದ್ದರು.

ಅಲ್ಲಿನ ಡಾಕ್ಟರಮ್ಮ ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ಖಚಿತ ಮಾಡಿಕೊಂಡರು. ಮುಟ್ಟು ನಿಂತಾಗ ಹಾರ್ಮೋನು ತಗ್ಗಿ ಆ ಭಾಗದ ಒಳಪದರ ತೆಳುವಾಗುತ್ತದೆ, ಮೂತ್ರಕೋಶ ಮುಂಗೋಪಿಯಾಗುತ್ತದೆ ಎಂದರು. ನೀರು ಕುಡಿಯುವುದು ಬಿಟ್ಟದ್ದಕ್ಕೆ ಚೆನ್ನಾಗಿ ಬೈದರು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಚಹಾ ಅದಕ್ಕೆ ಚಾಡಿ ಹೇಳುತ್ತದೆ. ಹಚ್ಚಿಕೊಳ್ಳಲು ಮುಲಾಮು ಬರೆದರು. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಅವಸರ ಬಂದಾಗ ಓಡಬಾರದು, ಅಲ್ಲೇ ನಿಂತು ಬಿಗಿಹಿಡಿದು ಉಸಿರಾಡಬೇಕು, ಅಲೆ ಇಳಿದ ಮೇಲೆ ನಡೆಯಬೇಕು. ಗಡಿಯಾರ ನೋಡಿ ಹೋಗಬೇಕು, ಅಂತರವನ್ನು ಮೆಲ್ಲಮೆಲ್ಲನೆ ಹಿಗ್ಗಿಸಬೇಕು. ಗುಣ ಕಾಣಲು ವಾರಗಳೇ ಬೇಕು, ನಾಚಿಕೆಪಡಲು ಏನೂ ಇಲ್ಲ ಎಂದರು.

ಎಲ್ಲ ಸರಿ. ಗಡಿಯಾರ ನೋಡಿ ಹೋಗಬೇಕಾದರೆ ಹೋಗಲು ಒಂದು ಜಾಗ ಬೇಕಲ್ಲ? ಕ್ರೇನಕ್ಕ ಮ್ಯಾನೇಜರ್ ಹತ್ತಿರ ಹೋಗಿ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇಳಿಯಲು ಬದಲಿ ಆಪರೇಟರ್ ಕೊಡಿ ಎಂದರು. ಆತ ಫೋನಿನಿಂದ ತಲೆ ಎತ್ತದೆ, ನೋಡೋಣ ಎಂದ. ಈ ಲೋಕದಲ್ಲಿ ನೋಡೋಣ ಎಂದವರು ಯಾರೂ ನೋಡಿದ್ದಿಲ್ಲ.

ಆ ನೋಡೋಣದ ವಾರದಲ್ಲೇ ಅದು ನಡೆಯಿತು. ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ. ತುಂಬಿದ ಬಕೆಟ್ಟು ಕೊಕ್ಕೆಯಲ್ಲಿ, ಅದರಡಿ ಕೆಲಸಗಾರರ ಗುಂಪು, ಗಾಳಿ ಬೇರೆ ಎದ್ದಿದೆ. ಆಗಲೇ ಅವಸರ ಕತ್ತು ಹಿಡಿಯಿತು. ನೇತಾಡುವ ಭಾರವನ್ನು ಬಿಟ್ಟು ಆಪರೇಟರ್ ಏಳುವ ಹಾಗಿಲ್ಲ, ಕೆಳಗಿರುವುದು ಜನರ ತಲೆ. ಕ್ರೇನಕ್ಕ ಹಲ್ಲುಕಚ್ಚಿದರು. ಬಿರುಗಾಳಿಯನ್ನೇ ತಡೆದು ನಿಲ್ಲಿಸಿ, ಬಕೆಟ್ಟನ್ನು ಜಾಗಕ್ಕೆ ತಲುಪಿಸಿ, ಖಾಲಿ ಮಾಡಿಸಿ, ವಾಪಸ್ಸು ನೆಲಕ್ಕಿಟ್ಟು, ಮಿಂಚಿನಂತೆ ಏಣಿ ಇಳಿದು, ಮ್ಯಾನೇಜರನ ಜೇಬಿನಿಂದ ಬೀಗದಕೈ ಕಿತ್ತುಕೊಂಡು, ಒಂದೇ ಒಂದು ಹನಿ ಬೀಳದ ಹಾಗೆ ಸಮಯಕ್ಕೆ ಸರಿಯಾಗಿ ತಲುಪಿಬಿಟ್ಟರು.

ಕೆಲಸ ನಿಂತಿತೆಂದು ಮ್ಯಾನೇಜರ್ ಕೆಂಡವಾದ. ನಾಳೆಯಿಂದ ಕ್ರೇನ್ ಬೇಡ, ಗೋದಾಮಿನಲ್ಲಿ ಸಿಮೆಂಟ್ ಚೀಲ ಕಾಯುತ್ತ ಕೂರಲಿ ಎಂದು ಎಲ್ಲರೆದುರು ಹೇಳಿದ. "ಮನೇಲಿರೋ ವಯಸ್ಸು ಕಣಮ್ಮ ನಿಮ್ಮದು. ಉಳಿದವರೆಲ್ಲ ಒಂದು ಬಾಟಲಿಯಲ್ಲಿ ಸುಧಾರಿಸ್ಕೊಳ್ತಿಲ್ವಾ?"

"ಬಾಟಲಿ ನೀವೇ ಇಟ್ಕೊಳ್ಳಿ ಸಾರ್," ಎಂದರು ಕ್ರೇನಕ್ಕ. "ಈ ಕಟ್ಟಡದ ಅಷ್ಟೂ ಕಮೋಡು ಎತ್ತಿದವಳು ನಾನು. ನನಗೆ ಬಾಗಿಲಿರೋ ಒಂದು ಜಾಗ ಬೇಕು. ಅದಿಲ್ದೆ ನಾನು ಹತ್ತಲ್ಲ, ಗೋದಾಮಿಗೂ ಹೋಗಲ್ಲ."

ಎರಡನೇ ಪಾಳಿಯ ಆಪರೇಟರ್ ದೊಡ್ಡ ಗಿರಿಜಾಮೀಸೆಯ ಆಸಾಮಿ. ಆತ ಅಕ್ಕನ ಪರ ನಿಲ್ಲುತ್ತಾನೆಂದು ಯಾರೂ ಎಣಿಸಿರಲಿಲ್ಲ. ನೀರು ಕುಡಿಯದೆ ತನಗೆ ಕಿಡ್ನಿಯಲ್ಲಿ ಕಲ್ಲಾಗಿ, ನೆಲದ ಮೇಲೆ ಹೊರಳಾಡಿದ್ದನ್ನು ಆತ ಇಷ್ಟು ದಿನ ಹೊಟ್ಟೆನೋವು ಎಂದು ಮುಚ್ಚಿಟ್ಟಿದ್ದ. ಅಂದು ಎಲ್ಲರೆದುರು ಹೇಳಿ, ತಾನೂ ಹತ್ತುವುದಿಲ್ಲ ಎಂದು ಹೆಲ್ಮೆಟ್ ಕೆಳಗಿಟ್ಟ. ಕ್ರೇನ್ ನಿಂತರೆ ಸೈಟೇ ನಿಂತಂತೆ. ಸಂಜೆಯೊಳಗೆ ಗೋದಾಮಿನ ಮಾತು ಬಿದ್ದುಹೋಗಿ, ಅಕ್ಕ ಕೇಳಿದ್ದ ಬದಲಿ ಆಪರೇಟರ್ ಸಿಕ್ಕರು. ಆ ವಾರ ಕಳೆಯುವುದರಲ್ಲಿ ಕ್ರೇನಿನ ಬುಡದಲ್ಲೇ ತಗಡಿನ ಒಂದು ಕೋಣೆ ಎದ್ದಿತು. ನಲ್ಲಿ ಜೋಡಿಸಿದ್ದು ಪ್ಲಂಬರ್ ಗಂಡ, ಕರೆಯದೆಯೇ ಬಂದು.

ಈಗ ಕ್ರೇನಕ್ಕನ ಚೀಲದಲ್ಲಿ ನೀರಿನ ಬಾಟಲಿ ಇದೆ. ಚಹಾ ಅರ್ಧ ಲೋಟಕ್ಕೆ ಇಳಿದಿದೆ. ಕೆಲವು ದಿನ ಮೈ ಮಾತು ಕೇಳುತ್ತದೆ, ಕೆಲವು ದಿನ ಇಲ್ಲ. ಕೇಳುವ ದಿನಗಳು ಹೆಚ್ಚುತ್ತಿವೆ.

ಇಷ್ಟನ್ನು ಬರೆದು, ಊಟದ ಬಿಡುವಿನಲ್ಲಿ ಅವರಿಗೆ ಓದಿ ಹೇಳಿದ್ದಾಯಿತು. ಮೋಡದ ಭಾಗ ಬಂದಾಗ ಸೀಟಿಯಣ್ಣ ನಕ್ಕು ಅನ್ನ ನೆತ್ತಿಗೇರಿಸಿಕೊಂಡರು. ಕಾಂಕ್ರೀಟ್ ದಿನದ ಭಾಗ ಬಂದಾಗ ಕ್ರೇನಕ್ಕ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು.

"ಒಂದು ಹನಿ ಬೀಳಲಿಲ್ಲ ಅಂತ ಬರೆದಿದ್ದೀರಲ್ಲ, ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಅವರ ಮರ್ಯಾದೆ ಉಳಿಸುವ ಹುಮ್ಮಸ್ಸಿನಲ್ಲಿ ಸೇರಿಸಿದ ಸುಳ್ಳು ಅದು. ಒಪ್ಪಿಕೊಳ್ಳದೆ ದಾರಿ ಇರಲಿಲ್ಲ. ಅವರೇ ಹೇಳಿದ ಪ್ರಕಾರ ನಡೆದದ್ದು ಇಷ್ಟು: ಬಿರುಗಾಳಿ ಇರಲಿಲ್ಲ, ಬರೀ ಗಾಳಿ. ಬಕೆಟ್ಟು ಇನ್ನೂ ಆಕಾಶದಲ್ಲಿರುವಾಗಲೇ ಕುಳಿತ ಸೀಟು ಒದ್ದೆಯಾಗಿತ್ತು. ಭಾರ ಇಳಿಸಿದ ಮೇಲೆ ಅವರು ಮೇಲಂಗಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದರು. ಬೀಗದಕೈ ಯಾರೂ ಕಿತ್ತುಕೊಳ್ಳಲಿಲ್ಲ. ವಾಕಿಟಾಕಿಯಲ್ಲಿ ಅವರ ದನಿ ಕೇಳಿದ ಸೀಟಿಯಣ್ಣ ಕಾರಣ ಕೇಳದೆ ಅಪಾಯದ ಸೀಟಿ ಊದಿ, ಎಲ್ಲರೂ ಮೇಲೆ ನೋಡಿ ಎಂದು ಕೂಗಿದರು. ಇಡೀ ಸೈಟು ಖಾಲಿ ಕೊಕ್ಕೆಯನ್ನು ಬಾಯಿಬಿಟ್ಟು ನೋಡುತ್ತಿರುವಾಗ ಕ್ರೇನಕ್ಕ ಅವರ ನಡುವೆಯೇ ನಡೆದು ಹೋದರು.

ಆ ಸುಳ್ಳನ್ನು ಹೊಡೆದುಹಾಕಲೇ ಎಂದು ಕೇಳಿದ್ದಕ್ಕೆ ಅವರು ಹೂಂ ಎಂದು ತಲೆಯಾಡಿಸಿದರು.

"ಮೋಡದ್ದು ಇರಲಿ, ಅದನ್ನ ಯಾರೂ ನಂಬಲ್ಲ. ಇದನ್ನ ನಂಬಿಬಿಡ್ತಾರೆ. ಎಲ್ಲೋ ಒಬ್ಬಳು ಓದಿ, ಅವಳು ತಡ್ಕೊಂಡ್ಳು, ನನ್ನ ಕೈಲೇ ಆಗ್ಲಿಲ್ಲ ಅಂತ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಾಳೆ. ಒದ್ದೆಯಾಯ್ತು ಅಂತಲೇ ಬರೀರಿ." ಕೈತೊಳೆದು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಏಣಿಗೆ ಕೈಹಾಕಿದ ಮೇಲೆ ಇನ್ನೊಂದು ಮಾತು ಸೇರಿಸಿದರು. "ಬಕೆಟ್ಟು ಮಾತ್ರ ಅಲ್ಲಾಡ್ಲಿಲ್ಲ. ಅದನ್ನೂ ಬರೀರಿ."