ಉಳಿದ ಒಂದು ಜೊತೆ ಬಳೆ

ಊರೂರು ತಿರುಗಿ ನಿಘಂಟಿಗೆ ಪದ ಕೂಡಿಸುವುದು ನನ್ನ ಕೆಲಸ. ಆ ವಾರ ನನಗೆ ಬೇಕಿದ್ದದ್ದು ಕೆರೆಯಲ್ಲಿ, ಕಾಡಿನಲ್ಲಿ ಇರುತ್ತಾರೆ ಎನ್ನುವ ದೇವತಾಸ್ತ್ರೀಯರ ಹೆಸರುಗಳು. ಅಂತರಸಂತೆಯ ಹತ್ತಿರ ಕೆರೆ ಏರಿಯ ಮೇಲೆ ಮೇಕೆ ಮೇಯಿಸುವ ಅಜ್ಜಿ ಸಿಕ್ಕರು. ಮಟಮಟ ಮಧ್ಯಾಹ್ನ. ಮೊಬೈಲಿನ ರೆಕಾರ್ಡರ್ ಒತ್ತಿ, ಅಲ್ಲಿಯವರೆಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಓದಿದೆ: "ಅಕ್ಕಯ್ಯ, ಜಕ್ಕಿಣಿ, ಮೋಹಿನಿ, ಯಕ್ಷಿ, ಪರಿ. ಇವರಲ್ಲಿ ನಿಮ್ಮ ಕಡೆ ಯಾರಿದ್ದಾರೆ?"

ಅಜ್ಜಿ ನನ್ನ ಬಾಯಿ ಮುಚ್ಚಲು ಕೈ ಎತ್ತಿದರು. "ಏನ್ ಮಾಡ್ಬುಟ್ರಿ ಸಾಮಿ! ಈ ವೊತ್ನಲ್ಲಿ ನೀರ್ ತಾವ ನಿಂತು ಎಸ್ರಿಡಿದು ಕರೆದ್ಬುಟ್ರಲ್ಲ! ಕರೆದ ಎಣ್ಮಕ್ಕಳ್ನ ಬರಿಗೈಲಿ ಕಳಿಸೋಕಾಯ್ತದಾ? ಮನೆಗಂಟ ಇಂದಿಂದೇ ಬತ್ತಾರೆ ಕಣ್ರೀ."

ಗಾಳಿ ಇರಲಿಲ್ಲ, ಆದರೂ ನಡುಗೆರೆಯ ಜೊಂಡು ಅಲುಗಾಡಿತು. ಮೇಕೆಗಳು ಮೇಯುವುದು ಬಿಟ್ಟು ಅತ್ತಲೇ ನೋಡಿದವು. ಹೆಂಡತಿಗೆಂದು ಹುಣಸೂರಿನಲ್ಲಿ ಕೊಂಡಿದ್ದ ಒಂದು ಡಜನ್ ಗಾಜಿನ ಬಳೆ ಚೀಲದಲ್ಲಿತ್ತು. ಅಜ್ಜಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಬೆರಳು ಮಡಿಸಿದರು. ಬೆರಳಿಗೊಂದು ಜೊತೆಯಂತೆ ನಾಲ್ಕು ಜೊತೆ ನೀರಿಗೆ ಬಿಟ್ಟೆ.

ಬಸ್ಸಿನಲ್ಲಿ ರೆಕಾರ್ಡಿಂಗ್ ಹಾಕಿ ಕೇಳಿದೆ. ನಾನು ಓದಿದ್ದು ಐದು ಹೆಸರು! ಪರಿ ಎಂಬ ಹೆಸರು ಕೊಟ್ಟವರು ಆ ಬಳೆ ಮಾರಿದ ಸಾಹೇಬರು; ಅವರ ಉರ್ದು ಕಥೆಗಳ ರೆಕ್ಕೆಯ ಚೆಲುವೆ. ಅವಳು ಅಜ್ಜಿಗೆ ಗೊತ್ತಿಲ್ಲದವಳು, ಅವರ ಬೆರಳಿಗೆ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಜನ ನಿಂತಿದ್ದರು. ನನ್ನ ಪಕ್ಕದ ಸೀಟು ಮಾತ್ರ ಖಾಲಿ ಇತ್ತು.

ಉಳಿದ ಎರಡು ಜೊತೆಯಲ್ಲಿ ಹೆಂಡತಿಗೆ ಒಂದನ್ನಷ್ಟೇ ಕೊಟ್ಟೆ. ಇನ್ನೊಂದು ಯಾರಿಗೆ ಎಂದು ದಿನಾ ಕೇಳುತ್ತಾಳೆ. ಹೆಸರು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.