ಆಮೆನ್ ಬರುವತನಕ ಆರುವ ಚಹಾ

ಬಿಸಿ ಚಹಾವನ್ನು ಮುಟ್ಟದೆ ಸುಮ್ಮನೆ ಬಿಟ್ಟರೆ ಅದರ ಮೇಲೊಂದು ಕೆನೆ ಕಟ್ಟುತ್ತದೆ ಎಂಬುದು ತಮಗೂ ಗೊತ್ತಿರುವ ಸಂಗತಿಯೇ. ಆದರೆ ಆ ಕೆನೆ ಮೊದಲು ಬಟ್ಟಲಿನ ಅಂಚಿನಲ್ಲಿ ಹೇಗೆ ಸಂಕೋಚದಿಂದ ತಲೆದೋರುತ್ತದೆ, ಆಮೇಲೆ ಹೇಗೆ ಧೈರ್ಯ ತಂದುಕೊಂಡು ನಡುವಿಗೆ ಹಬ್ಬುತ್ತದೆ, ಕಡೆಗೆ ಹೇಗೆ ಸುಕ್ಕುಗಟ್ಟಿ ನಮ್ಮಂಥ ನಿವೃತ್ತರ ಹಣೆಯನ್ನು ಅಣಕಿಸುತ್ತದೆ ಎಂಬುದನ್ನೆಲ್ಲ ಆದ್ಯಂತ ಅವಲೋಕಿಸುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ನನಗೆ ಒದಗಿದೆ. ಅದೂ ಎರಡೂ ಕಣ್ಣು ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ ಒಂದನ್ನು ಮಾತ್ರ ಕಿರಿದಾಗಿ ತೆರೆದು ಮಾಡಿದ ಅಧ್ಯಯನವಿದು. ಆದ್ದರಿಂದ ಇದರಲ್ಲಿ ಅರ್ಧದಷ್ಟು ದೋಷವಿದ್ದರೆ ಓದುಗರು ಮನ್ನಿಸಬೇಕು.

ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ, ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದನ್ನೇ ಜೀವನೋಪಾಯ ಮಾಡಿಕೊಂಡಿದ್ದವನು ನಾನು. ತೊಂಬತ್ತರ ದಶಕದ ನಡುವೆ ನಿವೃತ್ತನಾಗಿ ಪುಣೆಯ ಬಿಬವೇವಾಡಿಯ ಮನೆಯಲ್ಲಿ ಕುಳಿತಾಗ ಆ ವಿದ್ಯೆಯ ಪ್ರಯೋಗಕ್ಕೆ ಸಿಕ್ಕಿದ್ದು ಸಾರಿನ ಉಪ್ಪು, ರೊಟ್ಟಿಯ ದುಂಡು, ಹಾಗೂ ಒಣಹಾಕಿದ ಅರಿವೆಗಳ ಸಾಲು. ನನ್ನ ಹೆಂಡತಿ ಸರೋಜಿನಿ ಕೆಲವು ವಾರ ಸಹಿಸಿದಳು. ಆಮೇಲೊಂದು ದಿನ, "ಗುರುವಾರಕ್ಕೊಮ್ಮೆ ಹಿರಿಯರ ಕೂಟಕ್ಕಾದ್ರೂ ಹೋಗ್ರಿ. ಇಲ್ಲಾಂದ್ರ ನಾ ತವರಮನಿಗೆ ಹೋಗ್ತೀನಿ" ಎಂದಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಈ ಬೆದರಿಕೆಯ ಗಾಂಭೀರ್ಯ ನನಗೆ ಕೂಡಲೇ ಅರ್ಥವಾಯಿತು. ಹೋದೆ. ನಾನು ಅಲ್ಲಿ ಏನು ಮಾಡುತ್ತೇನೆಂದು ನೋಡಲು ಅವಳೂ ಬಂದಳು.

ನಮ್ಮದು ಪುಣೆಯಲ್ಲಿ ಕನ್ನಡದಲ್ಲಿ ಆರಾಧನೆ ಮಾಡುವ ಪುಟ್ಟ ಕ್ರೈಸ್ತ ಸಭೆ. ಗದಗ, ಬೆಟಗೇರಿ, ಧಾರವಾಡಗಳ ಕಡೆಯಿಂದ ರೈಲ್ವೆಗೆಂದೋ ಶಾಲೆಗೆಂದೋ ಕಾರ್ಖಾನೆಗೆಂದೋ ಬಂದು, ಹೊರಗೆಲ್ಲ ಮರಾಠಿ ಮಾತಾಡಿ, ದೇವರ ಹತ್ತಿರ ಮಾತ್ರ ಕನ್ನಡ ಉಳಿಸಿಕೊಂಡ ಮನೆತನಗಳು. ಚರ್ಚಿನ ಹಿಂದಿನ ಹಾಲಿನಲ್ಲಿ ಗುರುವಾರ ಮಧ್ಯಾಹ್ನ ಸೇರುತ್ತಿದ್ದ ನಿವೃತ್ತರ ಗುಂಪಿಗೆ 'ಹಿರಿಯರ ಅನ್ಯೋನ್ಯ ಕೂಟ' ಎಂದು ಹೆಸರು. ನಮ್ಮ ಅನ್ಯೋನ್ಯತೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ಬೈಬಲ್ ರಸಪ್ರಶ್ನೆಯ ದಿನ ಬರಬೇಕಿತ್ತು. ನೋಹನ ನಾವೆಗೆ ಎಷ್ಟು ಅಂತಸ್ತು ಎಂಬ ಪ್ರಶ್ನೆಯ ಮೇಲೆ ಇಬ್ಬರು ಸಾತ್ವಿಕ ಹಿರಿಯರು ಒಂದು ತಿಂಗಳು ಮಾತು ಬಿಟ್ಟಿದ್ದರು. ವರ್ಷಕ್ಕೊಮ್ಮೆ ಶಿರೂರಿನ ಕಡೆ ಯಾರದೋ ತೋಟಕ್ಕೆ ವನಭೋಜನ. ಅಲ್ಲಿ ಒಮ್ಮೆ ಸಂಗೀತ ಕುರ್ಚಿಯ ಆಟವಿಟ್ಟರು. ಆಟದಿಂದ ಹೊರಬಿದ್ದವರು ಮಾವಿನ ಮರದ ನೆರಳಿನಲ್ಲಿ ಕೂಡಬಹುದೆಂದು ತಿಳಿದದ್ದೇ ತಡ, ಎಲ್ಲರೂ ಸೋಲುವುದಕ್ಕೆ ಪೈಪೋಟಿಗೆ ಬಿದ್ದರು. ಕಡೆಗೆ ಗೆದ್ದವನು ನಾನೊಬ್ಬನೇ. ಸುಡುಬಿಸಿಲಿನಲ್ಲಿ ಒಂಟಿ ಕುರ್ಚಿಯ ಸುತ್ತ ನಾನು ಪ್ರದಕ್ಷಿಣೆ ಹಾಕುತ್ತಿದ್ದರೆ, ಹಾರ್ಮೋನಿಯಂ ನುಡಿಸುವವರು ನಿಲ್ಲಿಸುವುದನ್ನೇ ಮರೆತು ತನ್ಮಯರಾಗಿದ್ದರು.

ಈ ಎಲ್ಲ ಕಾರ್ಯಕ್ರಮಗಳ ಗುರಿ, ಗಮ್ಯ, ಸಾರಸರ್ವಸ್ವ ಮಾತ್ರ ಚಹಾ. ಆ ಸಭಾಂಗಣದ ದೇಖರೇಖಿ ನೋಡುತ್ತಿದ್ದ ಮಾಲನಬಾಯಿ ಎಂಬ ಮರಾಠಿ ಹೆಂಗಸು ಶುಂಠಿ ಜಜ್ಜಿ ಹಾಕಿ ಕುದಿಸುತ್ತಿದ್ದ ಆ ಚಹಾದ ವಾಸನೆಗೆ ಪ್ರವಚನ ಮಾಡುತ್ತಿದ್ದ ಸಭಾಪಾಲಕರೇ ವಾಕ್ಯ ತಪ್ಪುತ್ತಿದ್ದರು. ಜೊತೆಗೆ ಬೇಕರಿಯ ಗರಿಗರಿ ಪದರಿನ ಖಾರಿ ಬಿಸ್ಕತ್ತು. ಎಲ್ಲರ ಮುಂದೆ ಬಟ್ಟಲು ಬಂದಮೇಲೆ ಸ್ತೋತ್ರದ, ಅಂದರೆ ಕೃತಜ್ಞತೆಯ, ಪ್ರಾರ್ಥನೆ. ಆಮೆನ್ ಆದಮೇಲೆಯೇ ಬಟ್ಟಲಿಗೆ ಕೈ. ಆ ಪ್ರಾರ್ಥನೆಯ ಹಕ್ಕು ಹಳೆಯ ಕಾಲದಿಂದಲೂ ಸಮುವೇಲ ಮಾಸ್ತರರದು. ಕನ್ನಡ ಶಾಲೆಯ ಮುಖ್ಯ ಗುರುಗಳಾಗಿ ನಿವೃತ್ತರಾದವರು, ಕೃಶಕಾಯರು, ಆದರೆ ದೀರ್ಘಶ್ವಾಸರು. ಮೊದಲು ಪ್ರಾರ್ಥನೆ, ಆಮೇಲೆ ಚಹಾ ತರಿಸೋಣವೇ ಎಂದು ಯಾರೋ ಸೂಚಿಸಿದಾಗ ಅವರು ನೊಂದುಕೊಂಡರು. "ಎದುರಿಗೆ ಇಲ್ಲದ್ದಕ್ಕ ಸ್ತೋತ್ರ ಹೇಳಿದ್ರ ಅದು ಉದ್ರಿ ಸ್ತೋತ್ರ ಆಗ್ತದ್ರಿ" ಎಂದರು. ದೇವರ ಹತ್ತಿರ ಉದ್ರಿ ಇಡಲು ನಮಗ್ಯಾರಿಗೂ ಧೈರ್ಯ ಸಾಲಲಿಲ್ಲ.

ಮಾಸ್ತರರ ಪ್ರಾರ್ಥನೆ ಅಸ್ಸಾಮಿನಲ್ಲಿ ಶುರುವಾಗುತ್ತಿತ್ತು. ಅಲ್ಲಿ ಚಹಾದ ಎಲೆ ಕಿತ್ತ ಕೈಗಳನ್ನು ಆಶೀರ್ವದಿಸಿ, ಕಬ್ಬಿನ ಗದ್ದೆಯಲ್ಲಿ ಇಳಿದು, ಎಮ್ಮೆಗೂ ಅದರ ಕರುವಿಗೂ ಕ್ಷೇಮ ಕೋರಿ, ದಿಲ್ಲಿಯಲ್ಲಿ ನಾಡನ್ನಾಳುವವರಿಗೆ ಸದ್ಬುದ್ಧಿ ಬೇಡಿ, ಮಾಲನಬಾಯಿಯ ಮೊಣಕಾಲಿನ ಮುಖಾಂತರ ನಮ್ಮ ಹಾಲಿಗೆ ಪ್ರವೇಶಿಸುತ್ತಿತ್ತು. ಇಲ್ಲಿಂದ ಮುಂದೆ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ದಾನಿಯೇಲಪ್ಪನವರ ಸೊಂಟ, ಸರೋಜಿನಿಯ ಬಿ.ಪಿ., ನನ್ನ ಸಕ್ಕರೆ. ನಾನು ಗುಟ್ಟಾಗಿ ಅವರಿಗೊಬ್ಬರಿಗೇ ಹೇಳಿಕೊಂಡಿದ್ದ ಮೂಲವ್ಯಾಧಿಯೂ ಒಂದು ಗುರುವಾರ, "ಕರುಣಾಕರನಿಗೆ ಕೂಡಾಕ ಭಾಳ ತ್ರಾಸ ಆಗ್ಯದ ಕರ್ತನೇ" ಎಂದು ಸಕಲರ ಸಮಕ್ಷಮ ಪರಲೋಕಕ್ಕೆ ರವಾನೆಯಾಯಿತು. ಪ್ರಾರ್ಥನೆಯಲ್ಲಿ ಹೇಳಿದ್ದಕ್ಕೆ ಚಾಡಿ ಎನ್ನಲು ಬರುವುದಿಲ್ಲ. ಮುಂದಿನ ವಾರ ನನ್ನ ಕುರ್ಚಿಯ ಮೇಲೆ ಯಾರೋ ಮೆತ್ತನೆಯ ದಿಂಬು ಇಟ್ಟಿದ್ದರು.

ಮಾಸ್ತರರಿದ್ದದ್ದು ಮಗ ಸೊಸೆಯರ ತುಂಬಿದ ಮನೆಯಲ್ಲಿ. ಒಳ್ಳೆಯ ಮಕ್ಕಳು. ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಟ್ಟೆ ಹಿಡಿದು ಟೀವಿಯ ಮುಂದೆ ಕೂಡುವ ಮನೆಯಲ್ಲಿ ಊಟದ ಪ್ರಾರ್ಥನೆಗೆ ಜಾಗವೆಲ್ಲಿ? ವಾರವಿಡೀ ಸೇರಿಸಿಟ್ಟುಕೊಂಡಿದ್ದನ್ನೆಲ್ಲ ಮಾಸ್ತರರು ಗುರುವಾರ ನಮ್ಮ ಚಹಾದ ಮೇಲೆ ಸುರಿಯುತ್ತಿದ್ದರು. ಇದು ನಮಗೆ ಗೊತ್ತಿತ್ತು. ಗೊತ್ತಿದ್ದರೂ ಚಹಾ ಆರುವುದು ಆರುತ್ತಲೇ ಇತ್ತು.

ಆ ಅವಧಿಯಲ್ಲಿಯೇ ನಾನು ಕೆನೆಯ ಅಧ್ಯಯನ ಕೈಗೊಂಡದ್ದು. ಒಂದು ದಿನ ಹಾಗೇ ದೃಷ್ಟಿಯನ್ನು ಬಟ್ಟಲಿನಿಂದ ಸ್ವಲ್ಪ ಆಚೆ ಹರಿಸಿದರೆ, ಗಾರ್ಡ್ ದಾನಿಯೇಲಪ್ಪನವರು ಖಾರಿಯನ್ನು ಚಹಾದಲ್ಲಿ ಅದ್ದುತ್ತಿದ್ದರು. ಒಣ ಖಾರಿ ಕಡಿದರೆ ಸಪ್ಪಳವಾಗುತ್ತದೆ. ನೆನೆದದ್ದು ನಿಶ್ಶಬ್ದವಾಗಿ ಗಂಟಲಿಗಿಳಿಯುತ್ತದೆ. ಅವರ ಈ ಸಂಶೋಧನೆಯನ್ನು ಮೆಚ್ಚಿ ತಲೆ ಎತ್ತಿದೆ. ಅವರೂ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದರು. ಅವರಾಚೆ ಮತ್ತೊಂದು ಒಂಟಿಕಣ್ಣು, ಅದರಾಚೆ ಮಗದೊಂದು. ನನ್ನ ಧರ್ಮಪತ್ನಿಯದೂ ಇತ್ತು. ಯಾರೂ ಯಾರ ಮೇಲೂ ದೂರು ಹೇಳುವಂತಿರಲಿಲ್ಲ. ನೋಡಿದೆ ಎಂದವನು ಹೇಗೆ ನೋಡಿದನೆಂಬ ಪ್ರಶ್ನೆ ಏಳುತ್ತಿತ್ತು.

ಒಂದು ಮಳೆಗಾಲದಲ್ಲಿ ಮಾಸ್ತರರ ಗಂಟಲು ಕಟ್ಟಿತು. ಮಳೆ ನಿಂತರೂ ಬಿಡಲಿಲ್ಲ. ದನಿ ಕರಕರ ಎನ್ನುತ್ತಿತ್ತು; ನಡುನಡುವೆ ಉಗುಳು ನುಂಗಿ ನಿಲ್ಲಬೇಕಾಗುತ್ತಿತ್ತು; ಪ್ರಾರ್ಥನೆ ಮತ್ತಷ್ಟು ಉದ್ದವಾಯಿತು. "ಕಾಕಾ, ಚಹಾ ಗಾರ ಹೋತೋಯ" ಎಂದು, ಅಂದರೆ ಆರಿಹೋಗುತ್ತಿದೆಯೆಂದು, ಮಾಲನಬಾಯಿ ಬಾಗಿಲಲ್ಲಿ ನಿಂತು ಮರುಗತೊಡಗಿದಳು. ಆಗ ಗಾರ್ಡ್ ಸಾಹೇಬರು ಉಪಾಯ ಹೇಳಿದರು: "ಅವರು ಉಸಿರು ತಗೊಳ್ಳಾಕ ನಿಂದರ್ತಾರಲ್ಲ, ಆಗ ನಾ ಜೋರಾಗಿ ಆಮೆನ್ ಅಂತೀನಿ. ಹಿಂದಿಂದ ನೀವೆಲ್ಲಾರೂ ಅನ್ರಿ. ಸಭೆ ಆಮೆನ್ ಅಂದಮ್ಯಾಲೆ ಮುಗೀತು. ಮಾಸ್ತರು ಏನ್ ಮಾಡ್ತಾರ?" ಆಯುಷ್ಯವಿಡೀ ಹಸಿರು ಬಾವುಟ ಬೀಸಿ ರೈಲು ಬಿಟ್ಟ ಅನುಭವಿಗಳ ಮಾತನ್ನು ನಾವು ಸಂತೋಷದಿಂದ ಒಪ್ಪಿದೆವು.

ಆ ಗುರುವಾರ ನಡೆದದ್ದೇ ಬೇರೆ. ಮಾಸ್ತರರು ಎಂದೂ ಇಲ್ಲದ ಅವಸರದಲ್ಲಿದ್ದರು. ಅಸ್ಸಾಮಿನಲ್ಲಿ ಎಲೆ ಕಿತ್ತ ಹಾಗೆ ಮಾಡಿ, ದಿಲ್ಲಿಯನ್ನು ಒಂದೇ ವಾಕ್ಯದಲ್ಲಿ ದಾಟಿ, ನಮ್ಮ ಸೊಂಟ, ಸಕ್ಕರೆ, ಬಿ.ಪಿ.ಗಳನ್ನು ಸರಸರ ಒಪ್ಪಿಸಿಬಿಟ್ಟರು. ಗಾರ್ಡ್ ಸಾಹೇಬರಿಗೆ ನುಗ್ಗಲು ಸಂದೇ ಸಿಗಲಿಲ್ಲ. ಎಲ್ಲ ಮುಗಿದಮೇಲೆ ಮಾಸ್ತರರು, "ಕರ್ತನೇ, ಕಡೀಗೆ ಒಂದು ಮಾತು..." ಎಂದು ಉಗುಳು ನುಂಗಿ ನಿಂತರು.

"ಆಮೆನ್!" ಎಂದರು ಗಾರ್ಡ್ ಸಾಹೇಬರು. "ಆಮೆನ್!" ಎಂದೆವು ನಾವೆಲ್ಲ. ಅಂಥ ಒಮ್ಮತದ ಆಮೆನ್ ಆ ಹಾಲಿನಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ.

ಮಾಸ್ತರರು ಕಣ್ಣು ತೆರೆದರು. ನಮ್ಮನ್ನೊಮ್ಮೆ, ಬಟ್ಟಲುಗಳನ್ನೊಮ್ಮೆ ನೋಡಿ ನಕ್ಕು, "ಆತು, ಆತು. ಚಹಾ ತಗೋರಿ" ಎಂದು ಕೂತರು. ಆದರೆ ಅವರ ಹೆಂಡತಿ ಶಾಂತವ್ವ ಕೂಡಲಿಲ್ಲ. "ಅಲ್ರೀ, ಅವರ ಗಂಟಲಾಗ ಗಂಟಾಗ್ಯದ. ಸೋಮವಾರ ಆಪರೇಶನ್ ಅದ. ದನಿ ಉಳೀತದೋ ಇಲ್ಲೋ ಹೇಳಾಕ ಬರಂಗಿಲ್ಲ ಅಂದಾರ ಡಾಕ್ಟರು. ಇವತ್ತ ತಮಗಂತ ಒಂದು ಮಾತು ಕೇಳಬೇಕಂತ ಬಂದಿದ್ರು. ಹೊಟ್ಟಿ ಉರೀತದ ನೋಡ್ರಿ ನನಗ" ಎಂದುಬಿಟ್ಟರು. ಮಾಸ್ತರರು ಅವರನ್ನು ಸುಮ್ಮನಾಗಿಸಿ, ನಾಲ್ಕು ಗುಟುಕು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು. ಚಹಾ ಹೊಗೆಯಾಡುತ್ತಿತ್ತು. ಯಾರೂ ಮುಟ್ಟಲಿಲ್ಲ. ಗಾರ್ಡ್ ಸಾಹೇಬರೇ ಎದ್ದು ಅವರಿಗಾಗಿ ಪ್ರಾರ್ಥಿಸಲು ಹೊರಟು, "ಕರ್ತನೇ..." ಎಂದವರು ಮುಂದೆ ಮಾತೇ ಬರದೆ ನಿಂತುಬಿಟ್ಟರು. ಅಷ್ಟರಲ್ಲಿ ಕೆನೆ ಕಟ್ಟಿತ್ತು.

ಮುಂದಿನ ಗುರುವಾರದಿಂದ ಪ್ರಾರ್ಥನೆ ನನ್ನ ಕೊರಳಿಗೆ ಬಿತ್ತು. "ತಂದೆಯೇ, ಈ ಚಹಾಕ್ಕಾಗಿ ಸ್ತೋತ್ರ, ಮಾಸ್ತರರನ್ನು ಗುಣಮಾಡು, ಆಮೆನ್." ಎಲ್ಲರ ನಾಲಿಗೆ ಸುಟ್ಟಿತು. ಕುಡಿದು ಮುಗಿಸಿ ಮುಖಮುಖ ನೋಡಿಕೊಂಡೆವು. ಯಾರ ಮನೆಯಲ್ಲಿ ಏನಾಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ನಮಗದು ಗೊತ್ತಾಗುತ್ತಿದ್ದದ್ದೇ ಮಾಸ್ತರರು ದೇವರಿಗೆ ಹೇಳುವಾಗ. ಗಾರ್ಡ್ ಸಾಹೇಬರು ನನ್ನನ್ನು ಮೂಲೆಗೆ ಕರೆದು, "ಕರುಣಾಕರ, ನನ್ನ ಸೊಂಟ ಒಂದು ವಾರದಿಂದ ಭಾಳ ನೋಯಾಕತ್ತದ. ಯಾರೂ ಹೇಳವಲ್ರಲ್ಲೋ ದೇವ್ರಿಗೆ" ಎಂದರು. ನಗು ಬಂತು. ಆಮೇಲೆ ನೋಡಿಕೊಂಡರೆ ನನಗೂ ಅದೇ ದುಃಖವಿತ್ತು.

ಕೂಟಕ್ಕೆ ಎರಡು ವಾರ ತಪ್ಪಿಸಿದವರ ಮನೆಗೆ ಎಲ್ಲರೂ ಕೂಡಿ ಹೋಗಿ ಒಂದು ಕೀರ್ತನೆ ಹಾಡಿ ಬರುವುದು ನಮ್ಮ ಪದ್ಧತಿ. ನಮ್ಮ ಹಾಡಿಗೆ ಹೆದರಿ ಜ್ವರವಿದ್ದರೂ ಗುರುವಾರ ತಪ್ಪಿಸದವರಿದ್ದಾರೆ. ಮಾಸ್ತರರ ಮನೆಗೂ ಹೋದೆವು. ಗಂಟು ಕೆಟ್ಟದ್ದಲ್ಲವಂತೆ; ದೇವರು ದೊಡ್ಡವನು. ಆದರೆ ಗಾಯ ಮಾಯುವತನಕ ಒಂದಕ್ಷರ ಆಡಕೂಡದು, ಮಾಯ್ದಮೇಲೂ ದನಿ ಬಂದರೆ ಬಂತು. ಮಾಸ್ತರರು ಮೊಮ್ಮಗಳ ಪಾಟಿ, ಬಳಪ ಹಿಡಿದು ಕೂತಿದ್ದರು. ಗಾರ್ಡ್ ಸಾಹೇಬರು ಕೈ ಹಿಸುಕಿಕೊಳ್ಳುತ್ತ, "ಮಾಸ್ತರ, ಅವತ್ತಿನ ಆಮೆನ್ ಸ್ವಲ್ಪ ಲಗೂ ಆತ್ರಿ" ಎಂದರು. ಮಾಸ್ತರರು ಪಾಟಿಯ ಮೇಲೆ ದುಂಡಗೆ ಬರೆದು ತೋರಿಸಿದರು: 'ಸಿಗ್ನಲ್ ಬೀಳೂ ಮೊದಲ ಗಾಡಿ ಬಿಟ್ರಿ.' ಗಾರ್ಡ್ ಸಾಹೇಬರು ನಕ್ಕರು. ಕನ್ನಡಕ ತೆಗೆದು ಒರೆಸಿಕೊಂಡರು.

ಪ್ರಾರ್ಥನೆಗೆ ನಾನೇ ನಿಂತೆ. ಮೊಟ್ಟಮೊದಲು ಮಾಸ್ತರರ ಗಂಟಲನ್ನೇ ಹಿಡಿದೆ. ಇನ್ನೊಮ್ಮೆ ತಪ್ಪಬಾರದೆಂಬ ಭಯ. ಇನ್ನೇನು ಆಮೆನ್ ಎನ್ನಬೇಕು, ಟಕ್ ಟಕ್ ಎಂದು ಬಳಪದ ಸಪ್ಪಳ. ಅಭ್ಯಾಸಬಲದಿಂದ ಒಂದು ಕಣ್ಣು ತೆರೆದರೆ ಪಾಟಿಯ ಮೇಲೆ 'ಗಾರ್ಡ್, ಸೊಂಟ' ಎಂದಿತ್ತು. ಸೇರಿಸಿದೆ. ಮತ್ತೆ ಟಕ್ ಟಕ್. 'ಮಾಲನಬಾಯಿ, ಮೊಣಕಾಲು.' ಆಮೇಲೆ ಎಮ್ಮೆ. ಆಮೇಲೆ ದಿಲ್ಲಿ. ಶಾಂತವ್ವ ಮಾಡಿಟ್ಟ ಚಹಾ ತಣ್ಣಗಾಗುವತನಕ ಅವರು ನನ್ನನ್ನು ಬಿಡಲಿಲ್ಲ. ತಪಾಸಣಾ ವಿಭಾಗದಲ್ಲಿ ಇಷ್ಟು ದಿನ ದುಡಿದವನ ಕೆಲಸವನ್ನು ಹೀಗೆ ತಪಾಸಣೆ ಮಾಡಿದವರು ಅವರೊಬ್ಬರೇ.

ಕ್ರಿಸ್ಮಸ್ಸಿಗೆ ಮುಂಚಿನ ಗುರುವಾರ ಮಾಸ್ತರರು ಬಂದರು. ಮಫ್ಲರ್ ಸುತ್ತಿಕೊಂಡಿದ್ದರು; ಪಾಟಿ ಇರಲಿಲ್ಲ. ದನಿ ಬಂದಿದೆಯೇ ಎಂದು ಎಲ್ಲರೂ ಆ ಮಫ್ಲರನ್ನೇ ನೋಡಿದೆವು. ಮಾಲನಬಾಯಿ ಬಟ್ಟಲುಗಳನ್ನಿಟ್ಟು ಹೋಗದೆ ಅಲ್ಲೇ ನಿಂತಳು. ಮಾಸ್ತರರು ಎದ್ದರು. ನಾವು ಕಣ್ಣು ಮುಚ್ಚಿದೆವು.

"ಕರ್ತನೇ, ಚಹಾ ಬಿಸಿ ಅದ. ಸ್ತೋತ್ರ. ಆಮೆನ್."

ತೆಳ್ಳಗಿನ ದನಿ, ಆದರೆ ಅವರದೇ. ಆದರೂ ಯಾರೂ ಆಮೆನ್ ಎನ್ನಲಿಲ್ಲ. ಇದೇನೆಂದು ಒಂದು ಕಣ್ಣು ತೆರೆದೆ. ಹಾಲಿನಲ್ಲಿದ್ದವರೆಲ್ಲರ ಕಣ್ಣೂ, ಎರಡೆರಡೂ, ಬಿಗಿಯಾಗಿ ಮುಚ್ಚಿದ್ದವು. ಖಾರಿ ಅದ್ದದೆ ಒಣದಾಗಿಯೇ ಇತ್ತು. "ಕುಡೀರಿ, ಆರ್ತದ" ಎಂದರು ಮಾಸ್ತರರು. ಯಾರೂ ಅಲುಗಲಿಲ್ಲ.

"ಮಾಸ್ತರ, ನನ್ನ ಸೊಂಟ ಬಾಕಿ ಅದರಿ" ಎಂದರು ಗಾರ್ಡ್ ಸಾಹೇಬರು, ಕಣ್ಣು ತೆರೆಯದೆ.

"ನನ್ನ ಬಿ.ಪಿ.ನೂ" ಎಂದಳು ಸರೋಜಿನಿ.

"ಮಾಝೇ ಗುಡಘೇ ಪಣ" ಎಂದು ಮಾಲನಬಾಯಿಯೂ ಬಾಗಿಲಿನಿಂದಲೇ ತನ್ನ ಮೊಣಕಾಲುಗಳನ್ನು ಜ್ಞಾಪಿಸಿದಳು.

ಮಾಸ್ತರರು ಶಾಂತವ್ವನ ಕಡೆ ನೋಡಿದರು. ಆಕೆ, "ಸಣ್ಣ ದನೀಲೆ ಮಾಡ್ರಿ. ದೇವರೇನು ಕಿವುಡ ಅಲ್ಲ" ಎಂದರು. ನಾವು ಕಣ್ಣು ಮುಚ್ಚಿಕೊಂಡೇ ಕುರ್ಚಿಗಳನ್ನು ಬರಬರ ಎಳೆದು ಅವರ ಸುತ್ತ ಒತ್ತಿ ಕುಳಿತೆವು. ಮಾಸ್ತರರು ಉಗುಳು ನುಂಗಿದರು, ಸಾವಕಾಶವಾಗಿ ಉಸಿರೆಳೆದರು, ಮತ್ತೆ ಅಸ್ಸಾಮಿನಿಂದ ಶುರುಮಾಡಿದರು. ನನ್ನ ಹೆಸರು ಬರಲು ಇನ್ನೂ ಬಹಳ ಹೊತ್ತಿತ್ತು. ನಾನು ಆ ಇನ್ನೊಂದು ಕಣ್ಣನ್ನೂ ಮುಚ್ಚಿದೆ. ಹೀಗಾಗಿ, ಓದುಗರೇ, ಆ ದಿನದ ಚಹಾದ ಮೇಲೆ ಕೆನೆ ಹೇಗೆ ಕಟ್ಟಿತೆಂಬುದನ್ನು ಮಾತ್ರ ನಾನು ಹೇಳಲಾರೆ, ನೋಡಲಿಲ್ಲ.