ಯಾರ ಜೊತೆ ಹೋಗ್ತೀಯಮ್ಮ?

ಮೊನ್ನೆ ಸಂಜೆ ಹಾಸನದ ನಮ್ಮ ಮನೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಳು. ‘ಸಮಾನತೆಯ ಹಕ್ಕು, ಸ್ವಾತಂತ್ರ್ಯದ ಹಕ್ಕು, ಶೋಷಣೆಯ ವಿರುದ್ಧದ ಹಕ್ಕು’ ಎಂದು ಅವಳು ಮೂಲಭೂತ ಹಕ್ಕುಗಳನ್ನು ಉರು ಹೊಡೆಯುತ್ತಿದ್ದರೆ ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ನಿಮಗೂ ಈ ರಾಗ ಗೊತ್ತಿರಬೇಕು. ನಮ್ಮ ಮೇಷ್ಟ್ರು ಮಗ್ಗಿಗೂ ಹಕ್ಕಿಗೂ ಒಂದೇ ರಾಗ ಕಲಿಸಿದ್ದರು.

ನಾನು ಹತ್ತನೇ ಕ್ಲಾಸಿನಲ್ಲಿ ಇದನ್ನು ಓದಿದ್ದು ಹೊಳೆನರಸೀಪುರದ ಹತ್ತಿರದ ನಮ್ಮೂರಿನಲ್ಲಿ, ಬೀಗ ಹಾಕಿದ ಕೋಣೆಯೊಂದರ ಮುಂದೆ ಕೂತು. ಒಳಗಿದ್ದವಳು ಪುಟ್ಟತ್ತೆ, ಅಪ್ಪನ ತಂಗಿ. ಚನ್ನರಾಯಪಟ್ಟಣದಲ್ಲಿ ಗೆಳತಿ ವಸಂತಕ್ಕನ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ವಯಸ್ಸು ಇಪ್ಪತ್ತೈದು ದಾಟಿತ್ತು. ಬೇರೆ ಜಾತಿಯ ಮೇಷ್ಟ್ರೊಬ್ಬರನ್ನು ಮದುವೆಯಾಗುತ್ತೇನೆ ಎಂದದ್ದೇ ತಡ, ತಾತ ಹಬ್ಬದ ನೆಪ ಹೇಳಿ ಊರಿಗೆ ಕರೆಸಿ ಕೂಡಿಹಾಕಿದ್ದ. ಕೆಟ್ಟವನಲ್ಲ ನಮ್ಮ ತಾತ. ಸಂತೆಯಿಂದ ಬರುವಾಗ ಅವಳಿಗೆಂದೇ ಕಡ್ಲೆಮಿಠಾಯಿ ತರುತ್ತಿದ್ದವನು, ಬೀಗ ಹಾಕಿದ ಮೇಲೂ ತಂದ. ಕಿಟಕಿಯಲ್ಲಿ ಚಾಚಿದ್ದನ್ನು ಅತ್ತೆ ಮುಟ್ಟಲಿಲ್ಲ. ಎಲ್ಲ ನನ್ನ ಹೊಟ್ಟೆಗೇ ಹೋಯಿತು.

ಒಂದು ಸಂಜೆ ಒಳಗಿನಿಂದ ದನಿ ಬಂತು. “ಸ್ವಾತಂತ್ರ್ಯ ಅಂದ್ಯಲ್ಲ, ಅದ್ನ ಇನ್ನೊಂದ್ಸಲ ಓದೇ.”

ಓದಿದೆ.

“ಅದು ಎಂಗಸ್ರಿಗೂ ಐತಾ?”

“ಎಲ್ರಿಗೂ ಅಂತ ಬರ್ದೈತೆ ಅತ್ತೆ.”

“ಅಂಗಾದ್ರೆ ನಾಳೆ ಸ್ಕೂಲಿಗೆ ಓಗ್ವಾಗ ವಸಂತಂಗೊಂದು ಫೋನ್ ಮಾಡ್ಬುಡು. ನನ್ನ ಕೂಡಾಕವ್ರೆ ಅಂತ ಯೋಳು, ಸಾಕು.”

ಮಾರನೇ ದಿನ ಎಸ್‌ಟಿಡಿ ಬೂತಿನಿಂದ ಅಷ್ಟನ್ನೇ ಹೇಳಿ ಸ್ಕೂಲಿಗೆ ಓಡಿದೆ. ವಸಂತಕ್ಕ ಸುಮ್ಮನೆ ಕೂರಲಿಲ್ಲ. ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಸಿದಳು. ಆದೇಶ ಹಿಡಿದು ಬಂದ ಪೊಲೀಸರು ಬೀಗ ತೆಗೆಸಿ, ಅತ್ತೆಯನ್ನು ಕೋರ್ಟಿಗೆ ಹಾಜರುಪಡಿಸಿದರು. ನಾವೂ ಹೋದೆವು. ಒಂದು ಕಡೆ ತಾತ ನಿಂತಿದ್ದ, ಇನ್ನೊಂದು ಕಡೆ ಇಸ್ತ್ರಿ ಷರಟಿನ ಆ ಮೇಷ್ಟ್ರು.

“ಯಾರ ಜೊತೆ ಹೋಗ್ತೀಯಮ್ಮ?” ಎಂದರು ಮ್ಯಾಜಿಸ್ಟ್ರೇಟರು.

“ಯಾರ್ ಜೊತೆಗೂ ಓಗಲ್ಲ ಸಾ. ನಾನೇ ಬಸ್ ಅತ್ಕೊಂಡು ನನ್ನಂಗ್ಡಿಗೆ ಓಯ್ತೀನಿ. ಮದ್ವೆ ಇಚಾರ ಆಮೇಲೆ ನೋಡ್ಕತೀನಿ.”

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಸರಿ. ಅದು ನಿನ್ನ ಹಕ್ಕು. ಯಾರೂ ತಡೆಯೋ ಹಾಗಿಲ್ಲ.”

ತಾತನ ಮುಖವೂ ಮೇಷ್ಟ್ರ ಮುಖವೂ ಒಟ್ಟಿಗೇ ಸಪ್ಪಗಾದವು. ಮಾರನೇ ವರ್ಷ ಅವಳು ಅವರನ್ನೇ ಮದುವೆಯಾದಳು, ಅದು ಬೇರೆ ಮಾತು.

ತಾತ ಬಹಳ ಕಾಲ ಅವಳ ಹೆಸರೆತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಅಂಗಡಿಯ ಬಾಗಿಲಲ್ಲಿ ನಿಂತು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಕೇಳಿದ: “ಒಳೀಕ್ ಬರ್ಬೋದೇನವ್ವಾ?” ಯಾರ ಮನೆಗೇ ಹೋಗಲಿ, ಕೇಳಿ ಒಳಗೆ ಕಾಲಿಟ್ಟವನಲ್ಲ ಅವನು.

ಮಗಳು ಪುಸ್ತಕ ಮಡಿಸಿ ನನ್ನ ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. “ನಿಮ್ಮತ್ತೆ ತಕ್ಷಣ ಎದ್ದು ಬಂದ್ರಾ ಅಮ್ಮಾ?”

“ಇಲ್ಲ. ಹೊಲೀತಿದ್ದ ರವಿಕೆ ತೋಳು ಮುಗಿಸಿದ್ಳು. ಆಮೇಲೆ ಸ್ಟೂಲು ಎಳೆದು ಹಾಕಿ, ‘ಬಾಪ್ಪ’ ಅಂದ್ಳು. ಅಲ್ಲೀವರೆಗೂ ತಾತ ಹೊಸಿಲು ದಾಟಲಿಲ್ಲ.”

ಇಷ್ಟು ವರ್ಷ ಇದನ್ನು ಪುಟ್ಟತ್ತೆಯ ಕಥೆ ಎಂದೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ಮಾತ್ರ, ತನ್ನ ಮಗಳು ಕರೆಯಲಿ ಎಂದು ಬಿಸಿಲಲ್ಲಿ ಕಾಯುತ್ತ ನಿಂತಿದ್ದ ತಾತನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.